ಸಾಹೇಬರು ಮಾರದ ಹಗೇವು

ಶರಣಮ್ಮಕ್ಕ, ನಿಮ್ಮ ಹಗೇವನ್ನು ಮಹಮೂದ್ ಸಾಹೇಬರು ಮಾರಲಿಲ್ಲ. ಮಾರಿದವನು ನಾನು — ಖರೀದಿ ಪತ್ರ ಬರೆದ ಈ ಶಿವಲಿಂಗಪ್ಪ. ಏಳು ವರ್ಷ ಈ ಮಾತನ್ನು ನುಂಗಿಕೊಂಡಿದ್ದೆ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಓದಿ ಹೇಳುವ ನಿಮ್ಮ ಮೊಮ್ಮಗಳಿಗೂ ತಿಳಿಯಲಿ. ಕಮಲನಗರದ ಹೊರಗೆ ಸಾಹೇಬರದು ದ್ರಾಕ್ಷಿ ಮದ್ಯದ ಕಾರ್ಖಾನೆ. ಅದಕ್ಕೆ ಹಣ್ಣು ಬೆಳೆಯುವವರು ನೀವು, ಡಾಬಕಾ ಊರಿನವರು. ಸಾಹೇಬರು ಮಾತ್ರ ಒಂದು ಹನಿ ಮುಟ್ಟಿದವರಲ್ಲ. "ಮಾಡಾಂವ ಒಬ್ಬ, ಕುಡ್ಯಾಂವ ಒಬ್ಬ" ಎಂದು ತಾವೇ ನಗುತ್ತಿದ್ದರು. ಕಾರ್ಖಾನೆಯ ಅಂಗಳದಲ್ಲಿ ಆ ಹಗೇವು — ನೆಲದೊಳಗೆ ತೋಡಿದ ಜೋಳದ ಕಣಜ. ಸುಗ್ಗಿಗೆ ಮನೆಗೊಂದು ಚೀಲ ನೀವು ಸುರಿಯುತ್ತಿದ್ದಿರಿ, ನೀವೆಲ್ಲ ಸೇರಿ ಸುರಿದಷ್ಟನ್ನು ಸಾಹೇಬರೊಬ್ಬರೇ ಸುರಿಯುತ್ತಿದ್ದರು. ಯಾರ ಬಳ್ಳಿಯನ್ನು ಆಣೆಕಲ್ಲು ಹೊಡೆಯಿತೋ, ಆ ವರ್ಷ ಅವರಿಗೆ ಅಲ್ಲಿಯ ಜೋಳ. ಆ ಧೈರ್ಯದ ಮೇಲೆಯೇ ನೀವು ದ್ರಾಕ್ಷಿ ಹಚ್ಚಿದ್ದು.

ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮರ ಕಾಲ ಮುಗಿಯಿತು. ಸಾಹೇಬರು ಎಲ್ಲ ಮಾರಿ ಹೈದರಾಬಾದಿಗೆ ಹೋಗಲು ನಿಂತರು. ನನ್ನನ್ನು ಕರೆಸಿ ಅಂದದ್ದು ಇಷ್ಟೇ:

"ಕಾರ್ಖಾನಿ ನಂದು, ಮಾರ್ತೇನಿ. ಹಗೇವು ನಂದಲ್ಲ, ಡಾಬಕಾ ಮಂದೀದು. ಹಂಗಂತ ಕಾಗದದಾಗ ಬರೀರಿ, ಶಿವಲಿಂಗಪ್ಪ."

ಕೊಳ್ಳುವವರು ಭಾಲ್ಕಿಯ ಸಾವಕಾರರು. ಅವರು ಖಡಾಖಂಡಿತ ಹೇಳಿದರು: "ಮಂದಿ ಪಾಲಿರೋ ಜಾಗಾ ನನಗ ಬ್ಯಾಡ್ರಿ." ನಾನು ಕೈಹಾಕಿದ ಸೌದಾ ಬೀದರ, ಭಾಲ್ಕಿ, ಔರಾದ — ಎಲ್ಲಿಯೂ ಮುರಿದಿರಲಿಲ್ಲ. ಆ ಜಂಬ... ಒಂದು ಸಾಲು ತಾನೆ ಎಂದುಕೊಂಡೆ. ಬರೆಯಲಿಲ್ಲ.

ರುಜು ಹಾಕುವಾಗ ಸಾಹೇಬರು ಜೇಬಿನಿಂದ ಕನ್ನಡಕ ಕೂಡ ತೆಗೆಯಲಿಲ್ಲ. ಓದಿಕೊಳ್ಳಿ ಎಂದು ಬಾಯಿಮಾತಿಗೆ ಅಂದೆ. "ನೀವು ಬರ್ದೀರಲ್ರಿ, ಮತ್ತ ನಾ ಯಾಕ ಓದ್ಲಿ?" ಅಂದರು. ನಾನು ರುಜು ಹಾಕುವ ಜಾಗ ತೋರಿಸಿದೆ.

ಮರುವರ್ಷವೇ ಆಣೆಕಲ್ಲು ಬಿತ್ತು. ನೀವು ಖಾಲಿ ಚೀಲ ಹಿಡಿದು ಹೋದಿರಿ, ಸಾವಕಾರರ ಆಳು ಕಾಗದ ತೋರಿಸಿ ಬಾಗಿಲು ಹಾಕಿದ. ಅಲ್ಲಿಂದ ನನ್ನ ಹತ್ತಿರವೇ ಬಂದಿರಿ. "ನೀವರ ಖರೇ ಹೇಳ್ರಿ ಅಣ್ಣಾ, ಸಾಹೇಬ್ರು ನಮ್ಮ ಹಗೇವು ಬರಸ್ಯಾರೋ ಇಲ್ಲೋ?"

ನನ್ನ ಬಳಿಯಿದ್ದ ನಕಲು ತೆಗೆದೆ. ಉರ್ದು ಕಾಗದ, ನಿಮಗೆ ಓದಲು ಬಾರದು. ಬರೆಯದ ಸಾಲನ್ನು ಬಹಳ ಹೊತ್ತು ಹುಡುಕಿದಂತೆ ಮಾಡಿದೆ, ಅಕ್ಕ. ಇಲ್ಲ ಎಂದೆ.

"ಊರು ಬಿಟ್ಟು ಹೋಗೋ ಮನಷ್ಯಾ ನಮ್ಮ ಬಾಯಾಗಿನ ತುತ್ತೂ ಮಾರ್ಕೊಂಡು ಹೋದ ನೋಡ್ರಿ" ಎಂದು ನೀವು ಅತ್ತಿರಿ. ನಾನು ತಲೆಯಾಡಿಸಿದೆ. ಬರೆಯದೆ ಬಿಟ್ಟದ್ದಕ್ಕಿಂತ ಆ ತಲೆಯಾಡಿಸಿದ್ದೇ ದೊಡ್ಡ ಪಾಪ. ಊರು ಬಿಟ್ಟುಹೋದ ತುರ್ಕರವನು ಮೋಸ ಮಾಡಿದ ಎಂದರೆ ಆ ದಿನಗಳಲ್ಲಿ ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ — ಅದು ನನಗೆ ಚೆನ್ನಾಗಿ ಗೊತ್ತಿತ್ತು. ನೀವು ಬಳ್ಳಿ ಕಿತ್ತು ರಸ್ತೆಯ ಜಲ್ಲಿ ಒಡೆಯಲು ಹೋದಿರಿ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಊರವರ ಎಲೆಯ ನೊಣ ತೋರಿಸುತ್ತ ದೊಡ್ಡ ಮನುಷ್ಯನಾದೆ.

ಹೋದ ವಾರ ಸಾಹೇಬರ ಮಗಳು ಡಾಬಕಾಕ್ಕೆ ಬಂದಿದ್ದಳು. ತಂದೆ ತೀರಿಕೊಂಡರು ಎಂದು ತಿಳಿಸಲು, ಅಷ್ಟಕ್ಕೇ. ಸಣ್ಣವಳಿದ್ದಾಗ ನಿಮ್ಮ ಕೈಯ ಸಜ್ಜೆರೊಟ್ಟಿ ತಿಂದವಳು. ನೀವು ಅವಳನ್ನು ಅಂಗಳದಲ್ಲೇ ನಿಲ್ಲಿಸಿ, ನೀರು ಬೇಕೇ ಎಂದೂ ಕೇಳದೆ ಕಳಿಸಿದಿರಂತೆ. ಅವಳೇ ಬಂದು ನನ್ನನ್ನು ಕೇಳಿದಳು: "ಕಾಕಾ, ನಾವೇನ್ ತಪ್ಪ ಮಾಡೇವ್ರಿ?"

ಎಲ್ಲ ಹೇಳಿಬಿಟ್ಟೆ. ಅವಳು ಕಮಲನಗರದಲ್ಲೇ ಉಳಿದುಕೊಂಡಿದ್ದಾಳೆ. ಆ ಸಾಲನ್ನು ಈಗ ಬರೆದು, ಕೆಳಗೆ ನನ್ನ ರುಜು ಹಾಕಿ, ಸಾವಕಾರರಿಗೂ ನೋಂದಣಿ ಕಚೇರಿಗೂ ಕೊಟ್ಟಿದ್ದೇನೆ. ಹಗೇವು ತಿರುಗಿ ಬರುವುದೋ ಇಲ್ಲವೋ. ಸಾಹೇಬರಂತೂ ಬರುವುದಿಲ್ಲ.

ನಾಳೆ ಬೆಳಿಗ್ಗೆ ಅವಳನ್ನು ನಿಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ. ಅವಳನ್ನು ಒಳಗೆ ಕರೆಯಿರಿ, ಅಕ್ಕ. ಅಂಗಳದಲ್ಲಿ ನಾನು ನಿಲ್ಲುತ್ತೇನೆ.