ಟೇಬಲ್ ರಾಯನ ಹದಿಮೂರನೆಯ ಸಾಲು

ಆಫೀಸಿನಲ್ಲಿ ಅವನಿಗೆ ಟೇಬಲ್ ರಾಯ ಎಂದು ಹೆಸರು ಬಿದ್ದು ಏಳು ವರ್ಷವಾಗಿತ್ತು. ಕಾರ್ಖಾನೆಯ ಪೈಪು ಎಲ್ಲಿ ತಿರುಗಬೇಕು, ಎಲ್ಲಿ ಏರಬೇಕು ಎಂದು ಪ್ರತಿ ಪೈಪಿಗೂ ಒಂದು ಹಾಳೆಯ ಡ್ರಾಯಿಂಗ್ ಮಾಡುವುದು ಅಲ್ಲಿನ ಕೆಲಸ. ಹಾಳೆಯ ಬಲಬದಿಗೆ, ಜಾಯಿಂಟಿಗೊಂದು ಸಾಲಿನಂತೆ, ಒಂದು ಟೇಬಲ್: ವೆಲ್ಡಿಂಗ್ ಜಾಯಿಂಟುಗಳೆಷ್ಟು, ಯಾವುದಕ್ಕೆ ಯಾವ ಪರೀಕ್ಷೆ ಎಂದು. ಕಂಪ್ಯೂಟರು ತಾನಾಗಿ ಕೊಡುವ ಟೇಬಲ್ ಯಾವ ಗಿರಾಕಿಗೂ ಹಿಡಿಸದು. ಒಬ್ಬರಿಗೆ ಒಂದು ಕಾಲಂ ಹೆಚ್ಚು ಬೇಕು, ಇನ್ನೊಬ್ಬರಿಗೆ ಎರಡು ಕಡಿಮೆ. ಕೇಳಿದಂತೆ ಟೇಬಲ್ ಕೂರಿಸಿಕೊಡುವುದರಲ್ಲಿ ನಮ್ಮ ರಾಯನದು ಎತ್ತಿದ ಕೈ. ಜಂಬವೂ ಅಷ್ಟೇ ಇತ್ತು ಅನ್ನಿ.

ಹಾಳೆ ಹೊರಗೆ ಹೋಗುವ ಮೊದಲು ನೋಡಿ ಸಹಿ ಹಾಕುತ್ತಿದ್ದವರು ಅಕ್ಕ. ಯಾರಿಗೂ ಸ್ವಂತ ಅಕ್ಕನಲ್ಲ, ಇಡೀ ಆಫೀಸಿಗೇ ಅಕ್ಕ. ಪ್ರಿಂಟ್ ತೆಗೆದು, ಪ್ರತಿ ಜಾಯಿಂಟಿನ ಮೇಲೂ ಪೆನ್ಸಿಲ್ ಚುಕ್ಕಿ ಇಟ್ಟು ಎಣಿಸಿ, ಟೇಬಲ್ಲಿನ ಸಾಲುಗಳ ಜೊತೆ ತಾಳೆಯಾದರಷ್ಟೇ ಕಂಪ್ಯೂಟರಿನಲ್ಲಿರುವ ಹಾಳೆಗೆ ಸಹಿ. ರಾಯನಿಗೆ ಕೆಲಸ ಕಲಿಸಿದವರೂ ಅವರೇ.

"ಕಂಪ್ಯೂಟರ್ ಎಣಿಸಿದ್ಮೇಲೆ ನೀವ್ಯಾಕಕ್ಕಾ ಮತ್ತೆ ಎಣಿಸ್ತೀರಿ?" ಎಂದು ಅವನು ಕಿಚಾಯಿಸುತ್ತಿದ್ದ.

"ಅದಕ್ಕೆ ಸಂಬಳ ಇಲ್ಲ, ನಂಗಿದೆಯಲ್ಲಪ್ಪಾ" ಎನ್ನುತ್ತಿದ್ದರು ಅಕ್ಕ.

ಒಮ್ಮೆ ಅಕ್ಕನ ಸಹಿಯಾದ ಹಾಳೆಯಲ್ಲಿ ಟೇಬಲ್ಲಿನ ಅಕ್ಷರ ಸಣ್ಣದಾಯಿತೆಂದು ರಾಯನಿಗೆ ಅನ್ನಿಸಿತು. ಯಾರೂ ಕೇಳಿರಲಿಲ್ಲ, ಸುಮ್ಮನಿರಲಾರದೆ ದೊಡ್ಡದು ಮಾಡಿದ. ಸಾಲುಗಳು ಎತ್ತರವಾಗಿ, ಟೇಬಲ್ ಕೆಳಗೆ ಬೆಳೆದು, ಕೊನೆಯ ಹದಿಮೂರನೆಯ ಸಾಲು ಚೌಕಟ್ಟಿನಾಚೆ ಹೋಯಿತು. ಪ್ರಿಂಟಿನಲ್ಲಿ ಬರಲೇ ಇಲ್ಲ. ಏನೇ ಬದಲಾಯಿಸಿದರೂ ಹಾಳೆ ಮತ್ತೆ ಅಕ್ಕನ ಕೈಗೆ ಹೋಗಬೇಕೆಂಬುದು ನಿಯಮ. ಇಷ್ಟಕ್ಕೆಲ್ಲ ಯಾಕೆ ಎಂದುಕೊಂಡು ಅದೇ ಸಹಿಯೊಂದಿಗೆ ಕಳಿಸಿಬಿಟ್ಟ. ಅಕ್ಕ ಚುಕ್ಕಿ ಇಟ್ಟಿದ್ದ ಪ್ರತಿ ಎಂದಿನಂತೆ ಕಸದ ಬುಟ್ಟಿ ಸೇರಿತ್ತು.

ಟೇಬಲ್ಲಿನಲ್ಲಿ ಇಲ್ಲದ ಜಾಯಿಂಟನ್ನು ಯಾರು ಪರೀಕ್ಷಿಸುತ್ತಾರೆ? ಪೈಪಿಗೆ ನೀರು ತುಂಬಿ ಒತ್ತಡ ಕೊಟ್ಟ ದಿನ ಅದೇ ಬಾಯಿ ಬಿಟ್ಟಿತು. ಕೆಳಗಿದ್ದ ಫಿಟ್ಟರನ ಭುಜ ಮುರಿಯಿತು.

ಮ್ಯಾನೇಜರು ಹಾಳೆಯನ್ನು ಅಕ್ಕನ ಮುಂದಿಟ್ಟರು. "ಇದು ನಿಮ್ಮ ಸಹಿ ತಾನೇ?"

ಅಕ್ಕ ಬೆರಳಿಟ್ಟು ಸಾಲು ಎಣಿಸಿದರು. ಹನ್ನೆರಡು. ಮತ್ತೆ ಎಣಿಸಿದರು. "ನಂದೇ ಸರ್. ನಂದೇ ತಪ್ಪು."

ರಾಯ ಎರಡೇ ಹೆಜ್ಜೆ ಆಚೆ ನಿಂತಿದ್ದ. ಹಾಳೆ ನೋಡಿದ ಕೂಡಲೇ ಅವನಿಗೆ ಎಲ್ಲ ಗೊತ್ತಾಗಿತ್ತು. ಒಂದು ಮಾತು ಸಾಕಿತ್ತು. ಬಾಯಿಗೆ ಬೀಗ ಬಿತ್ತು. ಬೀಗ ಬಿದ್ದದ್ದಲ್ಲದೆ, ಸದ್ಯ ಬಚಾವಾದೆ ಎಂದೂ ಅನ್ನಿಸಿತು. ಆಮೇಲೆ ಅವನನ್ನು ತಿಂದದ್ದು ಆ ಸಮಾಧಾನವೇ. ಅಕ್ಕನನ್ನು ಹಳೆಯ ಡ್ರಾಯಿಂಗ್ ಜೋಡಿಸುವ ಕೋಣೆಗೆ ಹಾಕಿದರು. ಆ ಬಾಗಿಲ ಮುಂದೆ ಹಾಯಬೇಕಾಗುತ್ತದೆಂದು ರಾಯ ಕಾಫಿಗೆ ಹೋಗುವುದನ್ನೇ ಬಿಟ್ಟ. ತನ್ನ ಮುಖ ತನಗೇ ನೋಡಲಾಗುತ್ತಿರಲಿಲ್ಲ.

ಮೂರು ವಾರದ ನಂತರ ಹಳೆಯ ಹಾಳೆಯೊಂದು ಬೇಕಾಗಿ ಅಲ್ಲಿಗೆ ಹೋಗಲೇಬೇಕಾಯಿತು. ಅಕ್ಕ ಸ್ಟೂಲು ಎಳೆದು ಕೂರಿಸಿದರು.

"ನಂಗೆ ಹದಿಮೂರು ಎಣಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ ಕಣಪ್ಪಾ. ಹಾಳೇಲಿ ನೋಡಿದ್ರೆ ಹನ್ನೆರಡೇ. ಕಣ್ಣಿನ ಡಾಕ್ಟರು ಕಣ್ಣು ಸರಿಯಾಗಿದೆ ಅಂದ್ರು. ಹಾಗಾದ್ರೆ ತಲೇನೇ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನನ್ನೇ ಯಾರು ಅಂತ ಕೇಳ್ತಿದ್ರು."

ರಾಯನಿಗೆ ಅಲ್ಲೇ ಕುಸಿದುಹೋಗಬಾರದೇ ಅನ್ನಿಸಿತು. ಅವರಿಂದ ಕೆಲಸ ಕಿತ್ತುಕೊಂಡೆ ಎಂದಷ್ಟೇ ಅವನು ತಿಳಿದಿದ್ದ. ತಡವರಿಸುತ್ತಾ, ಒಂದನ್ನೂ ಬಿಡದೆ, ಎಲ್ಲ ಹೇಳಿದ. ಹೇಳಿ ಬೈಗುಳಕ್ಕೆ ಕಾದ.

"ಹದಿಮೂರಿತ್ತಾ? ನಾನು ನೋಡಿದಾಗ ಹದಿಮೂರೇ ಇತ್ತಾ?"

"ಇತ್ತು ಅಕ್ಕಾ."

ಅಕ್ಕ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಹೇಳಿದ್ಯಲ್ಲ, ದೊಡ್ಡ ಉಪಕಾರ ಆಯ್ತಪ್ಪಾ."

"ಮ್ಯಾನೇಜರ್ ಹತ್ರ ಈಗ್ಲೇ ಹೋಗಿ ಹೇಳ್ತೀನಿ" ಎಂದು ರಾಯ ತಲೆ ತಗ್ಗಿಸಿಯೇ ಎದ್ದ. ಅಕ್ಕನಿಗೆ ಅದು ಕೇಳಿಸಲಿಲ್ಲ. ಆಗಲೇ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದರು: "ನಂಗೇನೂ ಆಗಿಲ್ಲ ಕಣೇ. ಇನ್ಮೇಲಾದ್ರೂ ನನ್ನನ್ನ ಒಬ್ಬಳನ್ನೇ ಒಲೆ ಹಚ್ಚೋಕೆ ಬಿಡ್ತೀಯಾ?"