ಒಂಬತ್ತು ಗೋಲಿನ ಉಲ್ಲಾಸ

ನಮ್ಮ ಸಿದ್ದಾಪುರದಲ್ಲಿ ಸನ್ಮಾನವಾಗದೆ ಉಳಿದವರು ಬಹಳ ಕಡಿಮೆ. ಎಸ್ಸೆಸ್ಸೆಲ್ಸಿಯಲ್ಲಿ ತಾಲೂಕಿಗೆ ಐದನೆಯವನಾದವನಿಗೆ, ಕಾಶಿಗೆ ಹೋಗಿ ಬಂದವರಿಗೆ, ಒಮ್ಮೆ ಅವಳಿ ಕರು ಹಾಕಿದ ಎಮ್ಮೆಯ ಯಜಮಾನನಿಗೂ ನಾವು ಶಾಲು ಹೊದೆಸಿದ್ದೇವೆ. ಈ ಚಟಕ್ಕೆ ಒಂದು ಸಮಿತಿಯೂ ಇದೆ. ಅದರ ಅಧ್ಯಕ್ಷ ಸದಾಶಿವ, ಬನವಾಸಿ ಕಡೆಯಿಂದ ಬಂದು ಇಲ್ಲಿ ಜವಳಿ ಅಂಗಡಿ ಇಟ್ಟವನು. ಶಾಲು, ಪೇಟ ಎಲ್ಲ ಅವನ ಅಂಗಡಿಯವೇ. ಸನ್ಮಾನಪತ್ರ ಬರೆಯುವವನು ನಾನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ನನ್ನ ಕನ್ನಡಕ್ಕೆ ಉಳಿದ ಉದ್ಯೋಗ ಇದೊಂದೇ. ಹಾಗಾಗಿ ಊರನ್ನು ಬೈಯುವಾಗ ನನ್ನನ್ನೂ ಸೇರಿಸಿಕೊಂಡೇ ಬೈಯುತ್ತಿದ್ದೇನೆ.

ಉಲ್ಲಾಸ ಕೋಲಸಿರ್ಸಿಯ ಬೈರ ನಾಯ್ಕನ ಮಗ. ನನ್ನ ಶಿಷ್ಯನಲ್ಲ, ಅವನ ತಂಗಿ ಕಾವ್ಯಶ್ರೀ ನನ್ನ ಶಿಷ್ಯೆ. ಅವನು ಓದಿದ್ದು ಯಲ್ಲಾಪುರದ ಕಡೆಯ ಒಂದು ವಸತಿ ಶಾಲೆಯಲ್ಲಿ. ಆ ಶಾಲೆಯವರು ವಾಲಿಬಾಲ್ ಬೇಕೆಂದು ಬರೆದರೆ ಇಲಾಖೆಯಿಂದ ಒಂದು ಚೀಲ ಫುಟ್‌ಬಾಲ್ ಬಂತು. ವಾಪಸು ಕಳಿಸುವ ಕಾಗದಪತ್ರಕ್ಕೆ ಹೆದರಿ ಅದನ್ನೇ ಆಡಿಸಿದರು. ನಮ್ಮ ಜಿಲ್ಲೆಯಲ್ಲಿ ಪ್ರತಿಭೆ ಹುಟ್ಟುವುದು ಹೆಚ್ಚಾಗಿ ಹೀಗೇ.

ಆದರೆ ಅವನ ಆಟ ಶಾಲೆಯಲ್ಲಿ ಕಲಿತದ್ದಲ್ಲ, ಗದ್ದೆಯಲ್ಲಿ. ಭತ್ತದ ತೆನೆ ಬಲಿಯುವ ಹೊತ್ತಿಗೆ ಮಂಗಗಳು ಬರುತ್ತವೆ. ಮೊದಲು ಒಂದೇ ಒಂದು ಮಂಗ ಅಂಚಿಗೆ ಬಂದು ಹಲ್ಲು ಕಿರಿಯುತ್ತದೆ. ಕಾಯುವವನು ಕೋಲು ಎತ್ತಿಕೊಂಡು ಅದರ ಹಿಂದೆ ಓಡಿದನೋ, ಇನ್ನೊಂದು ಬದಿಯಿಂದ ಇಡೀ ಹಿಂಡು ಗದ್ದೆಗೆ ಇಳಿಯುತ್ತದೆ. ಅವನ ಅಜ್ಜಿ ದ್ಯಾವಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ರಜೆಯಲ್ಲಿ ಮೊಮ್ಮಗನನ್ನು ಬದುವಿನ ಮೇಲೆ ನಿಲ್ಲಿಸಿ ಹೇಳುತ್ತಿದ್ದಳಂತೆ: “ತಮಾ, ಮುಂದೆ ಬಂದದ್ರ ಹಿಂದೆ ಓಡಡ. ಅದು ನಿನ್ನ ಓಡ್ಸಕ್ಕೇ ಬಂದದ್ದು. ನೀ ಇಲ್ಲೇ ನಿಂತ್ಕ.”

ಅವನು ನಿಂತ. ಶಾಲೆಯ ತಂಡದಲ್ಲಿ ನಿಂತ, ಜಿಲ್ಲಾ ತಂಡದಲ್ಲಿ ನಿಂತ. ಚೆಂಡು ಇಟ್ಟುಕೊಂಡು ಕುಣಿಯುತ್ತ ಬರುವವನ ಕಾಲು ನೋಡದೆ, ಚೆಂಡು ಎಲ್ಲಿಗೆ ಬಂದೇ ಬರಬೇಕೋ ಅಲ್ಲಿ ಹೋಗಿ ನಿಲ್ಲುವುದು. ಇಪ್ಪತ್ತನೇ ವರ್ಷಕ್ಕೆ ಗೋವಾದ ಮಡಗಾಂವದ ಒಂದು ಕ್ಲಬ್ಬಿನವರು ಅವನನ್ನು ಡಿಫೆಂಡರ್ ಎಂದು ಸೇರಿಸಿಕೊಂಡರು. ಸಂಬಳ, ಊಟ, ರೂಮು ಎಲ್ಲ ಕ್ಲಬ್ಬಿನದೇ. ಕರಾರು ಒಂದು ವರ್ಷಕ್ಕೆ. ಋತು ಮುಗಿದ ಮೇಲೆ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಬೇಕೋ ಬೇಡವೋ ಎಂದು ನೋಡುವುದು. ಕೋಚ್ ಅವನಿಗೆ ಹೇಳಿದ್ದು ಒಂದೇ ಮಾತು: ಜಾಗ ಬಿಡಬೇಡ, ಬಿಡದಿದ್ದರೆ ನೀನು ಇಲ್ಲೇ ಇರುತ್ತೀ. ಮೊದಲ ಏಳು ಪಂದ್ಯದಲ್ಲಿ ಆ ತಂಡದ ಮೇಲೆ ಎದುರಾಳಿಗಳಿಗೆ ಹೊಡೆಯಲಿಕ್ಕಾದದ್ದು ಎರಡೇ ಗೋಲು.

ಹೀಗಿರುವಾಗ ಹುಡುಗ ದೊಡ್ಡ ಹಬ್ಬಕ್ಕೆ, ಅಂದರೆ ದೀಪಾವಳಿಗೆ, ಊರಿಗೆ ಬಂದ. ಸಮಿತಿಯ ಮೂಗಿಗೆ ವಾಸನೆ ಬಡಿಯಿತು. ಸದಾಶಿವ ಬೆಳಿಗ್ಗೆಯೇ ನಮ್ಮನೆ ಜಗಲಿಗೆ ಬಂದು ಕೂತ.

“ಮಾಸ್ತರ್ರ, ಹುಡುಗ ಎಷ್ಟು ಗೋಲು ಹೊಡದಾನ್ರಿ?”

ನಾನು ಉಲ್ಲಾಸನಿಗೇ ಫೋನು ಹಚ್ಚಿ ಕೇಳಿದೆ. “ಒಂದೂ ಇಲ್ಲ ಸರ್. ಗೋಲು ಆಗ್ದಂಗೆ ನೋಡ್ಕಳದು ನನ್ನ ಕೆಲ್ಸ” ಎಂದ.

ಸದಾಶಿವನ ಮುಖ ಇಳಿದು ಹೋಯಿತು. “ಒಂದೂ ಇಲ್ಲಂದ್ರ ಏನಂತ ಸನ್ಮಾನ ಮಾಡೂದ್ರಿ? ಏಳು ಆಟ ಸುಮ್ನ ನಿಂತಾನ ಅಂತನ? ಏನರ ಒಂದು ಬರೀರಿ. ಗೋವಾಕ್ಕ ಹೋಗಿ ಯಾರು ನೋಡತಾರ?”

ನಾನು ಬರೆದೆ. ಯಾರೂ ನನ್ನ ಕೈ ತಿರುಚಲಿಲ್ಲ. ಪತ್ರದಲ್ಲಿ ಸಾಧನೆಯ ಸಾಲು ಖಾಲಿ ಇದ್ದರೆ ನೋಡಲು ಚೆನ್ನಾಗಿರುವುದಿಲ್ಲ ಎಂಬುದು ನನ್ನ ವೃತ್ತಿಯ ಮಹಾ ತತ್ತ್ವ. ‘ಏಳು ಪಂದ್ಯಗಳಲ್ಲಿ ಒಂಬತ್ತು ಗೋಲುಗಳನ್ನು ಸಿಡಿಸಿ ನಾಡಿನ ಕೀರ್ತಿಯನ್ನು ಬೆಳಗಿದ ವೀರ’ ಎಂದು ಬರೆದೆ. ಹತ್ತು ಎಂದರೆ ಸುಳ್ಳಿನ ಹಾಗೆ ಕಾಣುತ್ತದೆ ಎಂದು ಒಂಬತ್ತಕ್ಕೆ ನಿಲ್ಲಿಸಿದೆ. ಅದನ್ನು ವೇದಿಕೆಯಲ್ಲಿ ಗಟ್ಟಿಯಾಗಿ ಓದಿದವನೂ ನಾನೇ. ಓದುವಾಗ ಹುಡುಗ ತಲೆ ಎತ್ತಿ ನನ್ನನ್ನು ನೋಡಿದ. ಸುತ್ತ ಚಪ್ಪಾಳೆ. ಎದುರು ಸಾಲಿನಲ್ಲಿ ಬೈರ ಕಣ್ಣು ಒರೆಸಿಕೊಳ್ಳುತ್ತಿದ್ದ. ಹುಡುಗ ಪೇಟ ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಇಪ್ಪತ್ತರ ಹುಡುಗನಿಗೆ ಅಷ್ಟು ಜನರೆದುರು ಮಾತು ಹೊರಡುವುದು ಕಷ್ಟ ನಿಜ. ಆದರೂ ಅವನ ಮೇಲೆ ನನಗೆ ಸಿಟ್ಟಿದೆ. ಅಲ್ಲ ಎಂಬ ಎರಡಕ್ಷರ ಹೇಳಿದ್ದರೆ ಸಾಕಿತ್ತು.

ಒಂಬತ್ತು ಗೋಲು ಅಲ್ಲಿಗೆ ಮುಗಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಶಿರಸಿಯ ಬಸ್ಸಿನಲ್ಲಿ ಜನ ಅದರ ಬಗ್ಗೆ ತಿಳಿದವರ ಹಾಗೆ ಮಾತಾಡಿದರು. ಕಬಡ್ಡಿ ಬಿಟ್ಟು ಬೇರೆ ಆಟ ಕಂಡರಿಯದವರೂ ಹತ್ತನೇ ಗೋಲು ಯಾವಾಗ ಎಂದು ಬೈರನನ್ನು ಅಡ್ಡ ಹಾಕಿ ಕೇಳತೊಡಗಿದರು. ಬೈರ ಮಗನಿಗೆ ಫೋನು ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಿದ್ದನಂತೆ. ಕೊನೆಗೆ ಸದಾಶಿವ ಋತುವಿನ ಕೊನೆಯ ಪಂದ್ಯಕ್ಕೆ ಟೆಂಪೋ ಗೊತ್ತು ಮಾಡಿದ. ಹದಿನಾರು ಜನ ಮತ್ತು ಫ್ಲೆಕ್ಸು ದೇವಿಮನೆ ಘಟ್ಟ ಇಳಿದು, ಕಾರವಾರ ದಾಟಿ ಮಡಗಾಂವಕ್ಕೆ ಹೋದೆವು.

ಕ್ಲಬ್ಬು ಗೋಲು ಬಿಟ್ಟದ್ದು ಕಡಿಮೆ, ಹೊಡೆದದ್ದು ಅದಕ್ಕಿಂತ ಕಡಿಮೆ. ಆ ಪಂದ್ಯ ಸಮವಾದರೂ ಸಾಕು, ಕ್ಲಬ್ಬು ಮೇಲಿನ ದರ್ಜೆಯಲ್ಲಿ ಉಳಿಯುತ್ತಿತ್ತು. ಸೋತರೆ ಕೆಳಗೆ. ಅಲ್ಲಿ ಪಕ್ಕದಲ್ಲಿ ಕೂತ ಒಬ್ಬ ಕೊಂಕಣಿಯವನು ಇದನ್ನು ನಮಗೆ ಬಿಡಿಸಿ ಹೇಳಿದ. ನಮ್ಮವರು ತಲೆಯಾಡಿಸಿದರು, ಆಮೇಲೆ ನಮ್ಮ ತಂಡದ ಅಂಗಿ ಯಾವ ಬಣ್ಣದ್ದು ಎಂದು ಹತ್ತು ನಿಮಿಷ ಜಗಳ ಮಾಡಿದರು.

ಮೊದಲರ್ಧದಲ್ಲಿ ಉಲ್ಲಾಸ ಮಾಡಿದ್ದನ್ನು ನಾನು ಕಂಡೆ. ಅವನು ಹೆಚ್ಚು ಓಡಲೇ ಇಲ್ಲ. ಎದುರಾಳಿ ಚೆಂಡು ತಳ್ಳಿದ ಕಡೆಯಲ್ಲೆಲ್ಲ ಅವನು ಮೊದಲೇ ನಿಂತಿರುತ್ತಿದ್ದ. ಮೂರು ಸಲ ಖಚಿತ ಗೋಲು ಅನ್ನಿಸಿದ್ದು ಅವನ ಕಾಲಿಗೆ ಬಂದು ಸತ್ತಿತು. ಕೊಂಕಣಿಯವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ನಮ್ಮ ಸದಾಶಿವನಿಗೆ ಮಾತ್ರ ಹೊಟ್ಟೆಯುರಿ. “ಇವನ್ನ ಯಾಕ ಹಿಂದ ನಿಲ್ಲಿಸ್ಯಾರ? ಕನ್ನಡದವ ಅಂತ ಬೇಕಂತಲೇ ಅನ್ಯಾಯ ಮಾಡಾಕತ್ತಾರ!”

ದ್ವಿತೀಯಾರ್ಧಕ್ಕೆ ನಮ್ಮವರು ಕೂಗಲು ಸುರು ಮಾಡಿದರು. “ಹತ್ತನೇದು! ಹತ್ತನೇದು!” ಹದಿನೈದು ಗಂಟಲು, ಅದರಲ್ಲಿ ಬೈರನದೂ ಒಂದು. ಹುಡುಗ ಎರಡು ಸಲ ನಮ್ಮ ಕಡೆ ತಿರುಗಿ ನೋಡಿದ. ನಾನು ಕೂಗಲಿಲ್ಲ, ಆದರೆ ಕೂಗಬೇಡಿ ಎಂದೂ ಹೇಳಲಿಲ್ಲ. ಮೂರನೇ ಸಲಕ್ಕೆ ಅವನು ಜಾಗ ಬಿಟ್ಟು ಮುಂದಕ್ಕೆ ಓಡಿದ. ಬದಿಯಿಂದ ಎತ್ತಿ ಹಾಕಿದ ಚೆಂಡಿಗೆ ತಲೆ ಕೊಟ್ಟ. ಗೋಲು!

ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದರು. ಫ್ಲೆಕ್ಸು ಹರಿಯಿತು. ಕೋಚ್ ಗೆರೆಯಾಚೆ ನಿಂತು ಎರಡೂ ಕೈ ಬೀಸಿ ಹಿಂದೆ ಹೋಗು ಎನ್ನುತ್ತಿದ್ದ. ನಾವು “ಇನ್ನೊಂದು!” ಎಂದೆವು. ಹುಡುಗ ನಮ್ಮ ಮಾತು ಕೇಳಿದ, ಮತ್ತೆ ಮುಂದೆ ಹೋದ. ಎದುರಾಳಿಗಳು ಅವನು ಬಿಟ್ಟ ಜಾಗದಲ್ಲೇ ಚೆಂಡು ಹಾಯಿಸಿ ಗೋಲು ಹೊಡೆದರು. ಅದನ್ನು ತೀರಿಸಲು ಹುಚ್ಚು ಹಿಡಿದವನ ಹಾಗೆ ಪುನಃ ಓಡಿದ. ಅದೇ ಜಾಗದಿಂದ ಇನ್ನೊಂದು. ಒಂದಕ್ಕೆ ಎರಡು. ಕ್ಲಬ್ಬು ಕೆಳಗಿಳಿಯಿತು. ಉಲ್ಲಾಸ ಮೈದಾನದ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದ. ನಮ್ಮವರು ಆಗಲೂ ಕುಣಿಯುತ್ತಿದ್ದರು. ಸೋತದ್ದು ಅವರಲ್ಲಿ ಅರ್ಧ ಜನರಿಗೆ ಅಂಕೋಲೆ ದಾಟುವವರೆಗೂ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಬೇಸರವಾಗಲಿಲ್ಲ. ಇಂಥ ಜನರ ಜೊತೆ ಒಂದೇ ಗಾಡಿಯಲ್ಲಿ ಕೂತದ್ದಕ್ಕೆ ನನಗೆ ಹೇಸಿಗೆಯಾಯಿತು, ಆದರೂ ಅವರು ಕೊಟ್ಟ ಸಿಹಿ ತಿಂದೆ.

ದ್ಯಾವಮ್ಮ ಆ ಪಂದ್ಯವನ್ನು ಮೊಮ್ಮಗಳ ಮೊಬೈಲಿನಲ್ಲಿ ನೋಡಿದ್ದಳು. ಗೋಲಾದಾಗ ಕಾವ್ಯಶ್ರೀ ಕುಣಿದಳಂತೆ. ಮುದುಕಿ “ಜಾಗ ಬಿಟ್ಟ” ಎಂದು ಎದ್ದು ಒಳಗೆ ಹೋದಳಂತೆ. ಇಡೀ ತಾಲೂಕಿನಲ್ಲಿ ಆಟ ತಿಳಿದವಳು ಅವಳೊಬ್ಬಳೇ. ಅವಳಿಗೆ ನಾವು ಯಾವತ್ತೂ ಶಾಲು ಹೊದೆಸಿಲ್ಲ.

ಹತ್ತು ದಿನಕ್ಕೆ ಕ್ಲಬ್ಬಿನಿಂದ ಕಾಗದ ಬಂತು. ಕರಾರು ಮುಂದುವರಿಸುವುದಿಲ್ಲ ಎಂದು. ಹುಡುಗ ಟ್ರಂಕು ಹೊತ್ತು ಕೋಲಸಿರ್ಸಿಗೆ ಬಂದಿಳಿದ ದಿನವೇ ಸದಾಶಿವ ನಮ್ಮ ಜಗಲಿಗೆ ಹಾಜರು. “ಮಾಸ್ತರ್ರ, ಈ ಸಲ ನಾವ ಕಣ್ಣಾರೆ ನೋಡೇವಿ. ಐತವಾರ ಸನ್ಮಾನ ಇಟ್ಕೊಂಡೇವಿ, ಪತ್ರ ಬರೀರಿ.”

ಶನಿವಾರ ಬೆಳಿಗ್ಗೆ ಉಲ್ಲಾಸ ಮನೆಗೆ ಬಂದ. ಕಂಕುಳಲ್ಲಿ ಹಳೆಯ ಸನ್ಮಾನಪತ್ರ. ನನ್ನ ಮೇಜಿನ ಮೇಲಿದ್ದ ಹೊಸದನ್ನು ಅವನು ನೋಡಿದ. ಹಳೆಯದನ್ನು ಅದರ ಪಕ್ಕದಲ್ಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟ.

“ಸರ್, ಇದ್ನ ತಿದ್ದಿ ಕೊಡಿ. ಒಂಬತ್ತು ಹೊಡ್ದು ಸೊನ್ನೆ ಮಾಡಿ.”

“ಈಗ ಎಂತಕ್ಕೋ ಅದು?”

“ಸೊನ್ನೆ ಇದ್ದಾಗ ನಂಗೆ ಕೆಲ್ಸ ಇತ್ತು ಸರ್.”

ಪೆನ್ನು ತೆಗೆದೆ. ಸಮಿತಿಯವರು ಪತ್ರವನ್ನು ಲ್ಯಾಮಿನೇಟ್ ಮಾಡಿಸಿದ್ದರು, ಶಾಯಿ ಹಿಡಿಯಲಿಲ್ಲ. ಎರಡು ಸಲ ಒತ್ತಿದೆ, ಜಾರಿತು. ಅವನು ಪತ್ರವನ್ನು ಅಲ್ಲೇ ಬಿಟ್ಟು ಹೋದ.

ಭಾನುವಾರ ಅವನು ಬರಲಿಲ್ಲ. ಪೇಟವನ್ನು ಬೈರನ ತಲೆಗೆ ತೊಡಿಸಿದರು. ಹೊಸ ಪತ್ರವನ್ನು ನಾನೇ ಓದಿದೆ, ಗಟ್ಟಿಯಾಗಿ.