ಗಡ್ಡೆಗೆ ಸೋಮವಾರ

ಹೊಳೆಗೆ ಅಕಾಲದಲ್ಲಿ ನೀರೇರಿ ಮೊಟ್ಟೆಗಳೆಲ್ಲ ತೇಲಿಹೋಗಬಹುದಿತ್ತು. ಏರದೆ ಪೂರ್ತಿ ಇಳಿದು, ಊರ ನಾಯಿಗಳು ಕಾಲು ತೋಯಿಸಿಕೊಳ್ಳದೆ ನಡುಹೊಳೆಯ ಉಸುಕಿನ ಗಡ್ಡೆಗೆ ನಡೆದುಹೋಗಬಹುದಿತ್ತು. ಎಮ್ಮೆಗಳು ಈಜಿ ದಾಟಬಹುದಿತ್ತು. ಎಮ್ಮೆಗಳಿಗೆ ಊರ ಠರಾವು ಓದಿ ಹೇಳುವ ವ್ಯವಸ್ಥೆ ಇನ್ನೂ ಬಂದಿಲ್ಲ. ದಂಡೆಯ ಹೊಲದಲ್ಲಿ ಕಬ್ಬಿನ ಒಣಗರಿಯ ರವದಿ ಸುಡುವಾಗ ಕಿಡಿ ಹಾರಿ ಗಡ್ಡೆಯ ಒಣಹುಲ್ಲಿಗೆ ಬೀಳಬಹುದಿತ್ತು. ಉಸುಕು ತುಂಬುವವರ ಕಣ್ಣು ಬೀಳಬಹುದಿತ್ತು. ಆಲಿಕಲ್ಲಿನ ಮಳೆಯಾಗಬಹುದಿತ್ತು. ದಾಟುವಾಗ ಕೊಪ್ಪರಿಗೆ ಮಗುಚಿ, ಈಜು ಬಾರದ ನಾನು ಕೃಷ್ಣೆಯ ಪಾಲಾಗಬಹುದಿತ್ತು. ಊರವರ ಸಲುವಾಗಿ ನಾನು ಬರೆದುಕೊಟ್ಟ ಕಾಗದ ನನ್ನ ಮೇಲಧಿಕಾರಿಯ ಕೈಗೆ ಸಿಕ್ಕು, ಇದು ಯಾವ ಸರ್ಕಾರದ ಆದೇಶ ಎಂದು ಅವರು ಕೇಳಬಹುದಿತ್ತು. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ, ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಹಕ್ಕಿಗಳೇ ಬರದೆ ಹೋಗಬಹುದಿತ್ತು.

ಈ ಪಟ್ಟಿಯನ್ನು ನಾನು ಒಂದು ಹಳೆಯ ನಮೂನೆಯ ಬೆನ್ನಿಗೆ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಒಗೆಯುವಾಗ ಅದು ನನ್ನ ಹೆಂಡತಿಗೆ ಸಿಕ್ಕಿತು. ಪೂರ್ತಿ ಓದಿ, ಕೊನೆಗೆ ಜಾಗ ಉಳಿದಿದೆ, ಭೂಕಂಪವನ್ನೂ ಸೇರಿಸಿಬಿಡಿ ಎಂದಳು. ನಾನು ಅದನ್ನು ಬರೆಯದೇ ಇದ್ದದ್ದು ಮರೆವಿನಿಂದಲೇ ಹೊರತು ಧೈರ್ಯದಿಂದಲ್ಲ.

ನಮ್ಮದು ಹೊಳೆದಂಡೆಯ ಹಳ್ಳಿ. ಹಿಪ್ಪರಗಿ ದಾಟಿ ಹೊಳೆ ಎರಡು ಸಲ ಹೊರಳಿದ ಮೇಲೆ ಸಿಗುತ್ತದೆ. ನಾನು ಜಮಖಂಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ರವಿವಾರಕ್ಕೊಮ್ಮೆ ಅಣ್ಣನ ಮನೆಗೆ ಹೋಗಿ, ರೊಟ್ಟಿ ತಿಂದು, ಕಬ್ಬಿನ ಬಗ್ಗೆ ಏನೂ ತಿಳಿಯದೆ ತಲೆಯಾಡಿಸಿ ಬರುವವನು. ಬಾಗಲಕೋಟೆ ಜಿಲ್ಲೆಯಾಗಿ, ಬೋರ್ಡುಗಳ ಮೇಲೆ ವಿಜಾಪುರವನ್ನು ಅಳಿಸಿ ಬರೆದ ಹೊಸ ಬಣ್ಣವೂ ಮಾಸಿದ್ದ ಕಾಲ ಅದು. ಹೊಳೆಗೆ ಅಲ್ಲಲ್ಲಿ ಬ್ಯಾರೇಜುಗಳು ಬಂದು, ದಂಡೆಯ ಗುಂಟ ಬೇಸಿಗೆಯಲ್ಲೂ ನೀರು ನಿಲ್ಲತೊಡಗಿತ್ತು. ಕಬ್ಬಿಗೆ ಒಳ್ಳೆಯದೇ ಆಯಿತು. ಆದರೆ ಬೇಸಿಗೆಯಲ್ಲಿ ಎದ್ದು ಕಾಣುತ್ತಿದ್ದ ಉಸುಕಿನ ದಿಬ್ಬಗಳು ಒಂದೊಂದೇ ನೀರಿನಡಿ ಹೋದವು. ನಮ್ಮೂರ ಎದುರಿಗೆ ಉಳಿದದ್ದು ಒಂದೇ ಗಡ್ಡೆ. ಈ ತುದಿಯಿಂದ ಆ ತುದಿಗೆ ನಡೆಯಲು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಪ್ರತಿ ವರ್ಷ ಆಕಾರ ಬದಲಿಸುವ ಈ ನೆಲಕ್ಕೆ ಯಾವ ದಾಖಲೆಯೂ ಇರಲಿಲ್ಲ, ಅದು ನನ್ನಂಥ ಗುಮಾಸ್ತನಿಗೆ ಮೊದಲಿನಿಂದಲೂ ಕಿರಿಕಿರಿ.

ಆ ಗಡ್ಡೆಯ ಮೇಲೆ ಇಬ್ಬರ ಹಕ್ಕು ಕೂಡಿಬಂತು. ಒಂದು, ಹಕ್ಕಿಗಳದು. ಬಿಳಿ ಮೈ, ಕರಿ ಟೊಪ್ಪಿಗೆ, ಹಳದಿ ಕೊಕ್ಕು, ಕವಲು ಬಾಲ. ಪುಸ್ತಕದಲ್ಲಿ ಅದಕ್ಕೆ ರೀವ ಎಂದಿದೆ, ನಮ್ಮೂರಲ್ಲಿ ಕತ್ತರಿಹಕ್ಕಿ ಎನ್ನುತ್ತಾರೆ. ಗೂಡು ಕಟ್ಟುವ ಗೋಜೇ ಅದಕ್ಕಿಲ್ಲ. ಬಯಲು ಉಸುಕಿನಲ್ಲಿ ಒಂದು ತಗ್ಗು ಕೆದರಿ, ಉಸುಕಿನದೇ ಬಣ್ಣದ ಎರಡು ಮೂರು ಮೊಟ್ಟೆ ಇಟ್ಟು ಕುಳಿತುಬಿಡುತ್ತದೆ. ಚಿಂತೆಯಿಲ್ಲದ ಆ ಸ್ವಭಾವವನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಇನ್ನೊಂದು ಹಕ್ಕು, ದೂರದ ಸಂಬಂಧದಲ್ಲಿ ನನಗೆ ಅಕ್ಕನಾಗಬೇಕಾದ ಒಬ್ಬಳದು. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯಲ್ಲಿ ಇದ್ದವಳು. ಉಸುಕಿನಲ್ಲಿ ಪಾತಿ ತೋಡಿ, ಗೊಬ್ಬರ ತುಂಬಿ, ಹೊಳೆಯ ನೀರನ್ನು ಕೊಡದಲ್ಲಿ ಹೊತ್ತು ಹಾಕಿ ಕಲ್ಲಂಗಡಿ ಬೆಳೆಯುತ್ತಿದ್ದಳು. ಆಕೆಯ ಅತ್ತೆಯೂ ಅದನ್ನೇ ಮಾಡುತ್ತಿದ್ದವಳು. ವರ್ಷದ ಮೂರು ತಿಂಗಳು ಆ ಮನೆಯಲ್ಲಿ ಆಕೆಯ ಮಾತು ನಡೆಯುತ್ತಿದ್ದದ್ದು ಈ ಪಾತಿಯ ಬಲದಿಂದ. ಉಳಿದ ದಿಬ್ಬಗಳು ಮುಳುಗಿದ ಮೇಲೆ ಆಕೆಗೂ ಗಡ್ಡೆಯೊಂದೇ ಗತಿ. ಹಕ್ಕಿ ಮೊಟ್ಟೆಯಿಡುವ ಕಾಲವೂ ಕಲ್ಲಂಗಡಿಯ ಕಾಲವೂ ಒಂದೇ ಆಗಬೇಕೆ.

ಮಾತು ಎತ್ತಿದವನು ನಮ್ಮೂರ ಅಂಬಿಗ. ಬೆಲ್ಲ ಕಾಸುವ ದೊಡ್ಡ ಕೊಪ್ಪರಿಗೆಯಲ್ಲಿ ಜನರನ್ನು ದಾಟಿಸುತ್ತ, ನಡುನಡುವೆ ಮೀನು ಹಿಡಿಯುವವನು. ಕತ್ತರಿಹಕ್ಕಿ ಎಲ್ಲಿ ಮುಳುಗು ಹಾಕುತ್ತದೋ ಅಲ್ಲಿ ಬಲೆ ಬೀಸುವುದು ಅವನ ಅಪ್ಪ ಕಲಿಸಿದ ಪಾಠ. ವರ್ಷದಿಂದ ವರ್ಷಕ್ಕೆ ಹಕ್ಕಿ ಕಡಿಮೆಯಾಗುತ್ತಿವೆ, ಎಮ್ಮೆ ತುಳಿಯುತ್ತವೆ, ನಾಯಿ ತಿನ್ನುತ್ತವೆ, ಹೀಗೇ ಬಿಟ್ಟರೆ ಮೀನಿನ ಜಾಗ ತೋರಿಸುವವರು ಯಾರು ಎಂದು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತವರ ಮುಂದೆ ಹೇಳಿದ. ಅಲ್ಲಿ ನಾನೂ ಇದ್ದೆ. ಪುಸ್ತಕ ನೋಡಿ ಹಕ್ಕಿಯ ಹೆಸರು ಹೇಳಿದ ತಪ್ಪಿಗೆ ಎಲ್ಲರೂ ನನ್ನನ್ನು ಈ ವಿಷಯದ ತಿಳಿವಳಿಕಸ್ಥ ಎಂದುಕೊಂಡರು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಎಷ್ಟೇ ಹದ ಬಂದಿರಲಿ, ನೊಗ ಗೋಡೆಗೆ ಒರಗಿರುತ್ತದೆ. ಟ್ರ್ಯಾಕ್ಟರು ಬಂದ ಮೇಲೂ ಎಷ್ಟೋ ಮನೆಯವರು ಅಂದು ಅದನ್ನೂ ಹೊರಗೆ ತೆಗೆಯುವುದಿಲ್ಲ. ಅಂಬಿಗ ಈ ದಾರಿ ಹಿಡಿದ. ಎತ್ತಿಗೆ ವಾರಕ್ಕೊಂದು ಸೋಮವಾರ ಕೊಟ್ಟಿದ್ದೀರಿ, ಗಡ್ಡೆಗೆ ವರ್ಷಕ್ಕೊಂದು ಉದ್ದನೆಯ ಸೋಮವಾರ ಕೊಡಿ, ಹೋಳಿಯಿಂದ ಮಳೆಗಾಲದ ಹೊಸ ನೀರು ಬರುವವರೆಗೆ ಯಾರೂ ಕಾಲಿಡುವುದು ಬೇಡ ಎಂದ. ಹಿರಿಯರಿಗೆ ಇದು ಹಿಡಿಸಿತು. ಕಾನೂನು ಎಂದಿದ್ದರೆ ನೂರು ಪ್ರಶ್ನೆ ಬರುತ್ತಿದ್ದವು. ಸೋಮವಾರ ಎಂದದ್ದಕ್ಕೆ ತಲೆಗಳು ಆಡಿದವು. ನನ್ನ ತಲೆ ಎಲ್ಲರಿಗಿಂತ ಜೋರಾಗಿ ಆಡಿತು.

ಕಟ್ಟೆಯ ಕೆಳಗೆ ನಿಂತಿದ್ದ ಅಕ್ಕ ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಕೇಳಿದಳು:

"ಸೋಮವಾರ ಎತ್ತು ಹೂಡೂದಿಲ್ಲ, ಖರೆ. ಮೇವು ಹಾಕತೀರೋ ಇಲ್ಲೋ?"

ಹಾಕುತ್ತೇವೆ ಎಂದು ನಮ್ಮ ಅಣ್ಣನೇ ಒಪ್ಪಿಕೊಳ್ಳಬೇಕಾಯಿತು.

"ಹಂಗಾರ ನನ್ನ ಮೇವು ಆ ಉಸುಕಿನಾಗ ಐತ್ರಿ. ಅದನ್ನ ಬಿಟ್ಟು ಏನ ಬೇಕಾದ್ದು ಠರಾವು ಮಾಡ್ರಿ."

ಅರ್ಧ ತಾಸು ಗಲಾಟೆಯಾದ ಮೇಲೆ ಗಡ್ಡೆ ಎರಡು ಪಾಲಾಯಿತು. ಮೇಲಿನ ತುದಿ ಹಕ್ಕಿಗೆ, ಕೆಳಗಿನ ತುದಿ ಅಕ್ಕನಿಗೆ, ನಡುವೆ ಸುಣ್ಣ ಬಳಿದ ಕಲ್ಲುಗಳ ಒಂದು ಗೆರೆ. ಬರೆಯುವ ಕೆಲಸ ನನಗೆ ಬಂತು. ಇಪ್ಪತ್ತು ವರ್ಷ ಅದನ್ನೇ ಮಾಡಿದವನು, ಕೈ ಎಲ್ಲಿ ನಿಲ್ಲುತ್ತದೆ? ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದೆ. "ಹೊಸ ನೀರು ಬರುವವರೆಗೆ ಯಾರೂ, ಯಾವುದೇ ಕಾರಣಕ್ಕೂ, ಸದರಿ ಗೆರೆಯನ್ನು ದಾಟತಕ್ಕದ್ದಲ್ಲ; ಗೆರೆಯಾಚೆಯ ಯಾವುದೇ ವಸ್ತುವನ್ನು ಮುಟ್ಟತಕ್ಕದ್ದಲ್ಲ, ಎಳೆಯತಕ್ಕದ್ದಲ್ಲ, ತೆಗೆಯತಕ್ಕದ್ದಲ್ಲ." ಮೊಟ್ಟೆ ಕದಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಓದಿದಾಗ ನನಗೇ ರೋಮಾಂಚನವಾಯಿತು. ಅಕ್ಕ ಎರಡು ಸಲ ಓದಿಸಿ ಕೇಳಿದಳು. ಯಾರೂ ಅಂದರೆ ಅದರಲ್ಲಿ ನೀನೂ ಬಂದೆಯೋ ಇಲ್ಲವೋ ಎಂದು ವಿಚಾರಿಸಿದಳು. ಬಂದೆ ಎಂದೆ. ಹೀಗೆ ಆ ಮೊಟ್ಟೆಗಳನ್ನು ಹತ್ತಿರದಿಂದ ನೋಡಬೇಕೆಂದು ಊರಲ್ಲಿ ಎಲ್ಲರಿಗಿಂತ ಹೆಚ್ಚು ಆಸೆಪಟ್ಟಿದ್ದ ಮನುಷ್ಯ ತನಗೆ ತಾನೇ ಬಾಗಿಲು ಹಾಕಿಕೊಂಡ.

ಹೆಬ್ಬೆಟ್ಟು ಒತ್ತಿ ಇಳಿಯುವಾಗ ಆಕೆ ನನಗಷ್ಟೇ ಕೇಳುವಂತೆ ಹೇಳಿದಳು: "ಈ ವರ್ಷ ಅರ್ಧ ಕೇಳೀರಿ. ಹಕ್ಕಿ ಹೆಚ್ಚಾದ್ರ ಬರೂ ವರ್ಷ ನನ್ನ ಅರ್ಧಾನೂ ಕೇಳತೀರಿ. ನನಗ ಗೊತ್ತಿಲ್ಲೇನು, ತಮ್ಮಾ."

ನಾನು ಇಲ್ಲ ಎನ್ನಬೇಕಿತ್ತು. ಆದರೆ ನನಗೂ ಅದೇ ಹೆದರಿಕೆಯಿತ್ತು. ಹಕ್ಕಿ ಬರದಿದ್ದರೆ ನನ್ನ ಮಾನ ಹೋಗುತ್ತದೆ, ಬಹಳ ಬಂದರೆ ಆಕೆಯ ಪಾತಿ ಹೋಗುತ್ತದೆ. ಎರಡೂ ಆಗದ ಹಾಗೆ ಅಳತೆಯಿಂದ ಬನ್ನಿ ಎಂದು ಹಕ್ಕಿಗೆ ಹೇಳುವುದು ಹೇಗೆ?

ಕಾವಲಿಗೆ ಮನೆಗೊಂದು ದಿನದ ಸರದಿಯಾಯಿತು. ದಂಡೆಯ ಜಾಲಿಯ ನೆರಳಿನಲ್ಲಿ ಕೂತು, ನಾಯಿಯೋ ಎಮ್ಮೆಯೋ ನೀರಿಗಿಳಿದರೆ ಎಣ್ಣೆಯ ಡಬ್ಬಿ ಬಡಿಯುವುದು. ಅಣ್ಣ ದಂಡೆಯ ಹೊಲದ ರವದಿಯನ್ನು ಸುಡದೆ ಸಾಲಿನಲ್ಲೇ ಬಿಟ್ಟ. ಹಕ್ಕಿಗಾಗಿ ಅಲ್ಲ, ನೆಲ ತಂಪಿರುತ್ತದೆ ಎಂದು ಯಾರೋ ಹೇಳಿದ್ದರು ಎಂದ. ಬನಹಟ್ಟಿಯಲ್ಲಿ ಮಗ್ಗ ಇಟ್ಟಿರುವ ನಮ್ಮ ಬೀಗರು ಸೀರೆಯಂಚಿನ ತುಂಡು ನೂಲು ಒಂದು ಚೀಲ ಕಳಿಸಿದರು. ಎಮ್ಮೆ ಇಳಿಯುವ ಜಾಗಕ್ಕೆ ಗೂಟ ನೆಟ್ಟು, ಕೆಂಪು ಹಸಿರು ನೂಲು ಕಟ್ಟಿ ಬೇಲಿ ಮಾಡಿದೆವು. ಎಮ್ಮೆಗಳು ಬಂದು, ಬಣ್ಣ ನೋಡಿ, ಆಶ್ಚರ್ಯ, ತಿರುಗಿ ಹೋದವು.

ರವಿವಾರದ ಸರದಿ ನನ್ನದು. ಒಂದು ರವಿವಾರ ನೀರಿನಲ್ಲಿ ಏನೋ ಕರ್ರಗೆ ತೇಲುತ್ತ ಗಡ್ಡೆಯತ್ತ ಹೋಗುವುದು ಕಂಡಿತು. ಮೊಸಳೆ ಎಂದೇ ತೀರ್ಮಾನಿಸಿ ಡಬ್ಬಿ ಬಡಿದೆ. ಬಡಿದೇ ಬಡಿದೆ. ಕತ್ತರಿಹಕ್ಕಿಗಳೆಲ್ಲ ಎದ್ದು ಕೂಗುತ್ತ ತಿರುಗತೊಡಗಿದವು. ಗೆರೆಯ ಈಚೆ ಪಾತಿಗೆ ನೀರು ಹಾಕುತ್ತಿದ್ದ ಅಕ್ಕ ಕೊಡ ಇಳಿಸಿ, ನೀರಿಗಿಳಿದು, ಅದನ್ನು ಕೈಯಿಂದ ಎತ್ತಿ ತೋರಿಸಿದಳು. ಗೊಬ್ಬರದ ಖಾಲಿ ಚೀಲ. ಆ ದಿನ ಹಕ್ಕಿಗಳಿಗಾದ ಏಕೈಕ ತೊಂದರೆ ನಾನು ಎಂದು ಅಂಬಿಗ ಸಂಜೆಯೊಳಗೆ ಊರಿಗೆಲ್ಲ ಸಾರಿದ.

ಹಕ್ಕಿ ಬಂದಿದ್ದವು. ಹಿಂದಿನ ವರ್ಷಕ್ಕಿಂತ ಹೆಚ್ಚಾಗಿ. ದಂಡೆಯಿಂದ ದುರ್ಬೀನು ಹಿಡಿದು ನಾನು ಎಣಿಸುತ್ತಿದ್ದೆ, ಪ್ರತಿ ಸಲ ಬೇರೆ ಲೆಕ್ಕ ಬರುತ್ತಿತ್ತು. ಸರಿಯಾದ ಸುದ್ದಿ ಬೇಕಾದರೆ ಅಕ್ಕನನ್ನು ಕೇಳಬೇಕು. ಯಾವ ತಗ್ಗಿನಲ್ಲಿ ಮರಿ ಒಡೆಯಿತು, ಯಾವ ಜೋಡಿ ಮೀನು ತರುವುದರಲ್ಲಿ ಆಲಸಿ, ಎಲ್ಲ ಆಕೆಗೆ ಗೊತ್ತು. ಪಾತಿಯ ಕೆಲಸ ಮಾಡುತ್ತ ಗೆರೆಯ ಆಚೆ ನೋಡಬಾರದು ಎಂದು ನಾನು ಬರೆದಿರಲಿಲ್ಲವಲ್ಲ. ಕಾಗೆ ಬಂದರೆ ಆಕೆಯೇ ಉಸುಕಿನ ಹೆಂಟೆ ಬೀರಿ ಓಡಿಸುತ್ತಿದ್ದಳು. ಆದರೂ ನಾನು ಎದುರಾದಾಗಲೆಲ್ಲ, ಎಷ್ಟಾದವು ನಿನ್ನ ಹಕ್ಕಿ ಎಂದು ಕೇಳುವಾಗ ದನಿಯಲ್ಲಿ ಒಂದು ಬಿಗಿ ಇರುತ್ತಿತ್ತು. ನಾನು ಎರಡು ಮೂರು ಕಡಿಮೆ ಮಾಡಿಯೇ ಹೇಳುತ್ತಿದ್ದೆ.

ಮೇ ತಿಂಗಳಲ್ಲಿ ಆಕೆ ಸಾವಳಗಿಗೆ ಒಂದು ಮದುವೆಗೆ ಹೋಗಿ ಮೂರು ದಿನ ಉಳಿದಳು. ದಿನಾ ಬೆಳಿಗ್ಗೆ ಬಳ್ಳಿಯ ಕುಡಿಗಳನ್ನು ಬೆರಳಿನಿಂದ ಒಳಗೆ ತಿರುವಿಡುವುದು ಆಕೆಯ ರೂಢಿ. ಆ ಮೂರು ದಿನದಲ್ಲಿ ಒಂದು ಕುಡಿ ಸುಣ್ಣದ ಕಲ್ಲುಗಳ ನಡುವೆ ನುಸುಳಿ ಆಚೆ ಹೋಯಿತು. ಬಂದು ನೋಡುವಷ್ಟರಲ್ಲಿ ಒಂದು ಮೊಳ ದಾಟಿ, ತುದಿಯಲ್ಲಿ ನಿಂಬೆಯಷ್ಟು ಕಾಯಿ ಹಿಡಿದಿತ್ತು.

ರವಿವಾರ ನಾನು ಗಡ್ಡೆಗೆ ದಾಟಿ ಹೋದಾಗ ಆಕೆ ನೇರ ಕೇಳಿದಳು. "ಬೇರು ನನ್ನ ಕಡೆ ಐತಿ, ಕಾಯಿ ಅವರ ಕಡೆ ಐತಿ. ನಿನ್ನ ಕಾಗದ ಏನ ಹೇಳತೈತಿ?"

ಕಾಗದ ಏನು ಹೇಳುತ್ತದೆಂದು ನನಗೆ ಬಾಯಿಪಾಠವಾಗಿತ್ತು. ಮುಟ್ಟತಕ್ಕದ್ದಲ್ಲ, ಎಳೆಯತಕ್ಕದ್ದಲ್ಲ, ತೆಗೆಯತಕ್ಕದ್ದಲ್ಲ. ಕಚೇರಿಯ ಅಭ್ಯಾಸದಂತೆ, ಪರಿಶೀಲಿಸಿ ಮುಂದಿನ ವಾರ ತಿಳಿಸುತ್ತೇನೆ ಎಂದೆ. ಮುಂದಿನ ವಾರ ಕಾಯಿ ತೆಂಗಿನಕಾಯಿಯಷ್ಟಾಗಿತ್ತು. ಅದರ ಮುಂದಿನ ವಾರ ಕೊಡದಷ್ಟು. ಆ ವರ್ಷದ ಪಾತಿಯಲ್ಲೇ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಅಂಬಿಗ ಬಂದು, ಗೆರೆಯ ಈಚೆ ನಿಂತು ಹುಟ್ಟಿನ ತುದಿಯಿಂದ ಉರುಳಿಸಿಬಿಡೋಣ, ಯಾರ ಕಾಲೂ ದಾಟುವುದಿಲ್ಲ ಎಂದ. ಹಿರಿಯರೂ ಕಣ್ಣು ಮುಚ್ಚಿಕೊಳ್ಳಲು ತಯಾರಿದ್ದರು. ನನಗಂತೂ ಆ ಕಾಗದವನ್ನು ನುಂಗಿ ನೀರು ಕುಡಿಯುವಷ್ಟು ನಾಚಿಕೆಯಾಗಿತ್ತು. ಉರುಳಿಸು ಅಕ್ಕಾ, ತಿದ್ದುಪಡಿ ಬರೆದುಕೊಡುತ್ತೇನೆ ಎಂದೆ.

ಆಕೆ ಅಂಬಿಗನ ಕೈಯಿಂದ ಹುಟ್ಟನ್ನು ಇಸಿದುಕೊಂಡು ಪಕ್ಕಕ್ಕಿಟ್ಟಳು. ಬಗ್ಗಿ ನೋಡು ಎಂದು ನನಗೆ ಸನ್ನೆ ಮಾಡಿದಳು. ಮೊಳಕಾಲೂರಿ ನೋಡಿದೆ. ದಾಟಿಹೋದ ಬಳ್ಳಿಯ ಅಗಲ ಎಲೆಗಳ ಅಡಿಯಲ್ಲಿ, ಕಾಯಿಗೆ ಮೈ ಒತ್ತಿಕೊಂಡು, ಎರಡು ಮರಿ ಕೂತಿದ್ದವು. ಉಸುಕು ಕಾದು ಹಂಚಾಗಿತ್ತು. ಆ ಇಡೀ ತುದಿಯಲ್ಲಿ ನೆರಳು ಎನ್ನುವಂಥದ್ದು ಅದೊಂದೇ.

"ಎಳದರ ಎದ್ದು ಬಿಸಲಾಗ ಓಡತಾವು," ಎಂದಳು. "ಇರಲಿ ಬಿಡು."

ಅವತ್ತು ಸಂಜೆ ಕಟ್ಟೆಯ ಮೇಲೆ ಅಂಬಿಗ ಇದನ್ನು ಕೂತವರಿಗೆಲ್ಲ ಹೇಳಿದ. ಆಮೇಲೆ ಅಣ್ಣ, ಕೆಳಗಿನ ತುದಿ ಆಕೆ ಬಿತ್ತುವಷ್ಟು ವರ್ಷ ಆಕೆಯದೇ, ಹಕ್ಕಿ ಎಷ್ಟೇ ಹೆಚ್ಚಾಗಲಿ ಅದರ ಮಾತು ಎತ್ತುವುದು ಬೇಡ ಎಂದ. ಎಲ್ಲರೂ ಹೌದೆಂದರು. ಬರೆಯಲು ನಾನು ಪೆನ್ನು ತೆಗೆದೆ. ಅಕ್ಕ ಈ ಸಲ ನನ್ನನ್ನು ನಂಬದೆ ತಾನೇ ಹೇಳಿ ಬರೆಸಿದಳು. ಎರಡೇ ಸಾಲು, ಒಂದೂ 'ತಕ್ಕದ್ದಲ್ಲ' ಇಲ್ಲ. ಆಕೆ ಅದನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು, ನಾಳೆ ನೀರು ಹಾಕುವುದಿದೆ ಎಂದು ಎದ್ದು ಹೋದಳು. ಅಂದಿನಿಂದ ಆಕೆ ಹಕ್ಕಿ ಎಷ್ಟು ಎಂದು ಕೇಳಿದರೆ ನಾನು ಸರಿಯಾದ ಲೆಕ್ಕವನ್ನೇ ಹೇಳಬಹುದಾಗಿತ್ತು, ನನಗೆ ಸರಿಯಾದ ಲೆಕ್ಕ ಬಂದಿದ್ದರೆ.

ಮರಿಗಳು ಹಾರಿದವು. ಹೊಸ ನೀರು ಬರಲು ಇನ್ನೂ ಕೆಲವು ದಿನ ಇದ್ದವು, ಕಾಗದದ ಲೆಕ್ಕದಲ್ಲಿ ಗೆರೆ ಇನ್ನೂ ಗೆರೆಯೇ. ಆ ರವಿವಾರ ಅಕ್ಕ, ಅಂಬಿಗ, ನಾನು ಮೂವರೂ ಗೆರೆಯ ಈಚೆ ಸಾಲಾಗಿ ಕೂತು ಕಲ್ಲಂಗಡಿಯನ್ನು ನೋಡಿದೆವು. ಅದು ಪೂರ್ತಿ ಹಣ್ಣಾಗಿ, ಒಂದು ಬದಿ ಬಿರಿದು, ಕೆಂಪು ತೋರಿಸುತ್ತ ಕೂತಿತ್ತು. ಗಾಳಿ ಬಂದಾಗ ವಾಸನೆ ಬಂತು. ಛಲೋ ಸಿಹಿ ಇರಬೇಕು ಎಂದು ಅಕ್ಕ ಹೇಳಿದಳು. ಇರುವೆಗಳು ಆಗಲೇ ಸಾಲು ಹಿಡಿದಿದ್ದವು.